ಬೆನ್ನಿಗೆ ನಿಲ್ಲುವ ದಾಖಲೆ

ವಿದ್ಯಾರ್ಥಿಯ ಕಲಿಕೆಯ ದಾರಿ ಮತ್ತು ರಾಜ್ಯದ ದತ್ತಾಂಶ ವ್ಯವಸ್ಥೆ
(ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿ ಯಾರ ನೆನಪಿಗೆ ಇದೆಯೋ ಆ ಹಿರಿಯರು ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಮೂರು ದಶಕಕ್ಕೂ ಮಿಕ್ಕಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ಅವರನ್ನು ನಾನು ಕಂಡಿಲ್ಲ. ಉಪನ್ಯಾಸಕ್ಕೆ ಒಪ್ಪಿಕೊಂಡ ಮೇಲೆ ಅವರು ಕೊನೆಗೆ ಮುಖ್ಯ ಗುರುಗಳಾಗಿದ್ದ ಶಾಲೆಯನ್ನಾದರೂ ನೋಡಿ ಬರೋಣವೆಂದು ಹೋಗಿದ್ದೆ. ಈಗಿನ ಮುಖ್ಯ ಶಿಕ್ಷಕಿ ಕಬ್ಬಿಣದ ಬೀರು ತೆಗೆದು, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ದಾಖಲಾತಿ ವಹಿಯನ್ನು ಮೇಜಿನ ಮೇಲೆ ಬಿಚ್ಚಿದರು. ಅನುಕ್ರಮ ಸಂಖ್ಯೆ, ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಖು, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟ ಕಾರಣ. ಎಲ್ಲ ಶಾಲೆಗಳ ವಹಿಯಲ್ಲೂ ಇರುವ ಅವೇ ಅಂಕಣಗಳು. ಕಟ್ಟಕಡೆಗೆ ಇಕ್ಕಟ್ಟಾದ ಒಂದು ಅಂಕಣ: ಷರಾ.

ಬಹಳ ಶಾಲೆಗಳಲ್ಲಿ ಷರಾ ಅಂಕಣ ಖಾಲಿ ಇರುತ್ತದೆ. ಮಾಸ್ತರರ ವಹಿಯಲ್ಲಿ ಹಾಗಿರಲಿಲ್ಲ. ಮೂರನೆಯ ತರಗತಿಯ ಒಬ್ಬ ಹುಡುಗಿಯ ಹೆಸರಿನ ಎದುರು ಸಣ್ಣ ಅಕ್ಷರದಲ್ಲಿ ಹೀಗೆ ಬರೆದಿದ್ದರು: "ದೀಪಾವಳಿ ನಂತರ ತಂದೆತಾಯಿ ಜೊತೆ ಗುಳೆ. ಯುಗಾದಿಗೆ ಬರುವರು. ಪುಸ್ತಕ ಕೊಟ್ಟು ಕಳಿಸಿದೆ." ಅದರ ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು: "ಬಂದಳು. ಭಾಗಾಕಾರ ಮತ್ತೆ ಹೇಳಬೇಕು."

ಆ ಎರಡು ಸಾಲುಗಳ ಮುಂದೆ ನಾನು ತುಂಬ ಹೊತ್ತು ಕೂತಿದ್ದೆ. ಮಗು ಎಲ್ಲಿಗೆ ಹೋಯಿತು, ಏಕೆ ಹೋಯಿತು, ಹೋಗುವಾಗ ಶಾಲೆ ಅದರ ಕೈಗೆ ಏನು ಕೊಟ್ಟಿತು, ಯಾವಾಗ ಮರಳಿತು, ಮರಳಿದಾಗ ಕಲಿಕೆಯಲ್ಲಿ ಎಲ್ಲಿ ನಿಂತಿತ್ತು, ಇನ್ನು ಮಾಡಬೇಕಾದ ಕೆಲಸ ಏನು, ಎಲ್ಲವೂ ಅಲ್ಲಿದೆ. ಇಂದು ಸರ್ಕಾರಗಳು ಕೋಟಿಗಟ್ಟಲೆ ರೂಪಾಯಿ ಸುರಿದು ಕಟ್ಟುತ್ತಿರುವ ವಿದ್ಯಾರ್ಥಿ ದತ್ತಾಂಶ ವ್ಯವಸ್ಥೆಗಳು ಉತ್ತರಿಸಬೇಕಾದ ಪ್ರಶ್ನೆಗಳು ಇವೇ.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿನ ಬೆನ್ನಿಗೆ ನಿಲ್ಲುವ ದಾಖಲೆಯೂ ಉಂಟು, ಮಗುವಿನ ಬೆನ್ನು ಹತ್ತುವ ದಾಖಲೆಯೂ ಉಂಟು. ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ, ಒಂದೇ ಬಗೆಯ ಅಂಕಣಗಳಿಂದ ಕಟ್ಟಬಹುದು. ನಾವು ಯಾವುದನ್ನು ಕಟ್ಟುತ್ತಿದ್ದೇವೆ ಎಂಬುದನ್ನು ಶಿಕ್ಷಕರು, ತಂದೆತಾಯಂದಿರು, ಪಂಚಾಯಿತಿಯವರು ಕೂಡಿ ಕೇಳಬೇಕಾಗಿದೆ.

1. ತಲೆ ಎಣಿಸಿದ ಕಾಲ

ನಮ್ಮ ನಾಡಿನಲ್ಲಿ ಮಕ್ಕಳ ಓದಿನ ಲೆಕ್ಕ ಇಡುವ ಕೆಲಸ ಹೊಸದಲ್ಲ. ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ ತನ್ನ ಎಲ್ಲ ಜಿಲ್ಲೆಗಳ ಕಲೆಕ್ಟರರಿಂದ ಶಾಲೆಗಳ ವಿವರ ಕೇಳಿದ. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿತ್ತು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿ ಇಂದಿಗೂ ಓದಬೇಕಾದ ದಾಖಲೆ. ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಓದುತ್ತಿದ್ದ ಮಕ್ಕಳು 6,641. ಈ 533ರಲ್ಲಿ ಕನ್ನಡ ಶಾಲೆಗಳು 235, ತೆಲುಗು 226, ಸಂಸ್ಕೃತ 23, ಮರಾಠಿ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ ಒಂದೇ ಒಂದು. ಅಷ್ಟೂ ಮಕ್ಕಳಲ್ಲಿ ಹೆಣ್ಣುಮಕ್ಕಳು 60.

ಇನ್ನೂರು ವರ್ಷದ ಹಿಂದಿನ ಈ ಎಣಿಕೆಯಿಂದ ನಾವು ಕಲಿಯುವುದು ಬಹಳ. ಎಷ್ಟು ಭಾಷೆಗಳು ಒಂದೇ ಜಿಲ್ಲೆಯಲ್ಲಿ ಜಗುಲಿಯ ಮೇಲೆ ಕೂತು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವು ಎಂಬುದು ತಿಳಿಯುತ್ತದೆ. ಅಕ್ಷರದ ಬಾಗಿಲು ಎಷ್ಟು ಜನರಿಗೆ ಮುಚ್ಚಿತ್ತು ಎಂಬುದೂ ತಿಳಿಯುತ್ತದೆ. ಆದರೆ ಆ 60 ಹೆಣ್ಣುಮಕ್ಕಳಲ್ಲಿ ಒಬ್ಬಳ ಹೆಸರೂ ನಮಗೆ ಸಿಗುವುದಿಲ್ಲ. ಅವರು ಎಷ್ಟು ವರ್ಷ ಓದಿದರು, ಓದಿದ್ದು ಅವರ ಬದುಕಿಗೆ ಏನು ಮಾಡಿತು ಎಂದು ಆ ವರದಿಯನ್ನು ಕೇಳುವಂತಿಲ್ಲ. ಅದು ತಲೆ ಎಣಿಕೆ. ತಲೆಗಳು ಎಷ್ಟಿವೆ ಎಂದು ಹೇಳುವುದು ಮಾತ್ರ ಅದರ ಕೆಲಸ.

ಸ್ವಾತಂತ್ರ್ಯದ ನಂತರವೂ ನಾವು ಬಹುಕಾಲ ತಲೆಗಳನ್ನೇ ಎಣಿಸಿದೆವು. 1994ರ ಹೊತ್ತಿಗೆ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ನಮ್ಮವರೆಲ್ಲ ಡಿಪಿಇಪಿ ಎಂದು ಕರೆಯುವ ಯೋಜನೆ, ಶುರುವಾದಾಗ ಅದರ ಜೊತೆಯಲ್ಲೇ 'ಡೈಸ್' ಎಂಬ ಮಾಹಿತಿ ವ್ಯವಸ್ಥೆಯೂ ಬಂತು. ಪ್ರತಿ ವರ್ಷ ಸೆಪ್ಟೆಂಬರ್ 30ಕ್ಕೆ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಕೋಣೆ, ಎಷ್ಟು ಕಪ್ಪು ಹಲಗೆ, ಶೌಚಾಲಯ ಇದೆಯೋ ಇಲ್ಲವೋ ಎಂದು ಮುಖ್ಯ ಗುರುಗಳು ನಮೂನೆ ತುಂಬಿ ಕ್ಲಸ್ಟರಿಗೆ ಕೊಡುತ್ತಿದ್ದರು. 2012–13ರಲ್ಲಿ ಪ್ರೌಢಶಾಲೆಗಳ ಲೆಕ್ಕವೂ ಕೂಡಿಕೊಂಡು ಅದು 'ಯುಡೈಸ್' ಆಯಿತು. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಯಾವ ಊರಿನ ಶಾಲೆಗೆ ಕೋಣೆ ಬೇಕು, ಎಲ್ಲಿ ಕುಡಿಯುವ ನೀರಿಲ್ಲ ಎಂದು ಸರ್ಕಾರಕ್ಕೆ ಗೊತ್ತಾದದ್ದು ಆ ನಮೂನೆಗಳಿಂದಲೇ.

ಆದರೆ ವರ್ಷಕ್ಕೊಂದು ದಿನ ತೆಗೆದ ಫೋಟೋದಿಂದ ಮಗುವಿನ ದಾರಿ ಕಾಣುವುದಿಲ್ಲ. ಒಂದು ಸಣ್ಣ ಲೆಕ್ಕ ನೋಡೋಣ. ಒಂದು ಶಾಲೆಯ ಒಂದನೆಯ ತರಗತಿಯಲ್ಲಿ ಈ ವರ್ಷ 40 ಮಕ್ಕಳಿದ್ದಾರೆ. ಮರುವರ್ಷ ಎರಡನೆಯ ತರಗತಿಯಲ್ಲಿ 36. ನಾಲ್ಕು ಮಕ್ಕಳು ಶಾಲೆ ಬಿಟ್ಟರೆಂದು ವರದಿ ಹೇಳುತ್ತದೆ. ನಡೆದದ್ದು ಬೇರೆಯೇ ಇರಬಹುದು. ಇಬ್ಬರನ್ನು ಪಕ್ಕದ ಊರಿನ ಕಾನ್ವೆಂಟಿಗೆ ಸೇರಿಸಿದ್ದಾರೆ. ಒಬ್ಬಳು ಅಜ್ಜಿಯ ಮನೆಗೆ ಹೋಗಿ ಅಲ್ಲೇ ಶಾಲೆಗೆ ಹೋಗುತ್ತಿದ್ದಾಳೆ. ಮೂವರು ಗುಳೆ ಹೋದವರು ಮರಳಲೇ ಇಲ್ಲ. ಬೇರೆ ಊರಿಂದ ಇಬ್ಬರು ಹೊಸಬರು ಬಂದು ಸೇರಿದ್ದಾರೆ. ಆರು ಹೋಗಿ ಎರಡು ಬಂದರೆ ಉಳಿದದ್ದು 36. ನಾವು ಹುಡುಕಿಕೊಂಡು ಹೋಗಬೇಕಾದದ್ದು ಆ ಮೂವರನ್ನು. ವರದಿಯ ನಾಲ್ಕರಲ್ಲಿ ಆ ಮೂವರು ಇಲ್ಲ.

2. ಒಂದು ಮಗು, ಒಂದು ಸಂಖ್ಯೆ

ಈ ಕೊರತೆಯನ್ನು ತುಂಬಲೆಂದು ಕರ್ನಾಟಕ ಕಟ್ಟಿದ್ದು 'ಸ್ಯಾಟ್ಸ್', ಅಂದರೆ ವಿದ್ಯಾರ್ಥಿ ಸಾಧನೆಯನ್ನು ಗುರುತಿಸುತ್ತ ಹೋಗುವ ವ್ಯವಸ್ಥೆ. ಕಳೆದ ದಶಕದ ಉತ್ತರಾರ್ಧದಲ್ಲಿ ಜಾರಿಗೆ ಬಂದ ಇದು ಸರ್ಕಾರಿ, ಅನುದಾನಿತ, ಖಾಸಗಿ ಎಂಬ ಭೇದವಿಲ್ಲದೆ ರಾಜ್ಯದ ಶಾಲೆಗಳ ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಡುತ್ತದೆ. ಮಗು ಒಂದನೆಯ ತರಗತಿಗೆ ಸೇರಿದಾಗ ಸಿಕ್ಕ ಸಂಖ್ಯೆ ಶಾಲೆ ಬದಲಾದರೂ ಜೊತೆಗೇ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವಾಗ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವಾಗ ಅದೇ ಸಂಖ್ಯೆ. ಇಂದು ಯಾವ ಶಾಲೆಯ ಕಚೇರಿಗೆ ಹೋದರೂ "ಸ್ಯಾಟ್ಸ್ ನಂಬರ್ ಹೇಳಿ" ಎಂಬ ಮಾತು ಕೇಳಿಸುತ್ತದೆ.

ಇದರ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದರೆ ಬೆಲೆಯೂ ತಿಳಿಯುತ್ತದೆ. ಹಳೆಯ ಕ್ರಮದಲ್ಲಿ ದಾಖಲೆಯ ಮೂಲ ಘಟಕ ಶಾಲೆ. ಮಗು ಅದರೊಳಗಿನ ಒಂದು ಎಣಿಕೆ. ಹೊಸ ಕ್ರಮದಲ್ಲಿ ಮಗುವೇ ಮೂಲ. ಶಾಲೆ, ತರಗತಿ, ಹಾಜರಿ, ಅಂಕ, ಪಠ್ಯಪುಸ್ತಕ ಎಲ್ಲವೂ ಆ ಮಗುವಿನ ಹೆಸರಿಗೆ ದಾರದಲ್ಲಿ ಪೋಣಿಸಿದ ಹಾಗೆ ಒಂದೊಂದಾಗಿ ಸೇರುತ್ತ ಹೋಗುತ್ತವೆ. ಆ ದಾರ ಹಿಡಿದರೆ ಒಂದನೆಯ ತರಗತಿಗೆ ಬಂದವರಲ್ಲಿ ಹತ್ತನೆಯದನ್ನು ಮುಟ್ಟಿದವರು ಯಾರು, ನಡುವೆ ಎಲ್ಲಿ ಕೈತಪ್ಪಿದರು ಎಂದು ನಿಜವಾದ ಮಕ್ಕಳನ್ನು ಕುರಿತೇ ಹೇಳಬಹುದು. ಏಳನೆಯ ತರಗತಿ ಮುಗಿಸಿದ ಹೆಣ್ಣುಮಕ್ಕಳು ಎಂಟನೆಯದಕ್ಕೆ ಬೇರೆ ಊರಿನ ಪ್ರೌಢಶಾಲೆಗೆ ಹೋಗಬೇಕಾದ ಕಡೆ ಎಷ್ಟು ದಾರಗಳು ತುಂಡಾಗುತ್ತವೆ ಎಂದು ನೋಡಿದರೆ ಬಸ್ಸು ಎಲ್ಲಿ ಬೇಕು, ಹಾಸ್ಟೆಲ್ ಎಲ್ಲಿ ಬೇಕು ಎಂದು ಬೇರೆ ಸಮೀಕ್ಷೆ ಮಾಡಬೇಕಾಗಿಲ್ಲ.

ರಾಷ್ಟ್ರಮಟ್ಟದಲ್ಲೂ ಇದೇ ಬದಲಾವಣೆ ಆಯಿತು. 2022–23ರಿಂದ, ಯುಡೈಸಿನ ಮುಂದಿನ ರೂಪವಾದ ಯುಡೈಸ್ ಪ್ಲಸ್ ಶಾಲಾವಾರು ಎಣಿಕೆ ಬಿಟ್ಟು ಪ್ರತಿ ಮಗುವಿನ ವಿವರ ಸಂಗ್ರಹಿಸತೊಡಗಿತು. 2021–22ರಲ್ಲಿ ದೇಶದ ದಾಖಲಾತಿ 26.52 ಕೋಟಿ ಎಂದಿತ್ತು. ಹೊಸ ಕ್ರಮದ ಮೊದಲ ವರ್ಷ ಅದು 25.18 ಕೋಟಿಗೆ ಇಳಿಯಿತು. ಅದರ ಮರುವರ್ಷ 24.80 ಕೋಟಿ. ಒಂದೇ ವರ್ಷದಲ್ಲಿ 1.34 ಕೋಟಿ ಮಕ್ಕಳು ಶಾಲೆಯಿಂದ ಎದ್ದು ಹೋದರೆಂದು ಇದರ ಅರ್ಥವಲ್ಲ. ಎಣಿಸುವ ಕ್ರಮವೇ ಬದಲಾದ್ದರಿಂದ ಹಿಂದಿನ ವರ್ಷಗಳ ಜೊತೆ ನೇರ ಹೋಲಿಕೆ ಸಲ್ಲದು ಎಂದು ಕೇಂದ್ರ ಶಿಕ್ಷಣ ಸಚಿವಾಲಯವೇ ಹೇಳಿತು. ಹೆಸರು ಸರ್ಕಾರಿ ಶಾಲೆಯಲ್ಲಿ, ಓದು ಖಾಸಗಿ ಶಾಲೆಯಲ್ಲಿ ಎಂಬ ಮಕ್ಕಳು ಎರಡೂ ಕಡೆ ಲೆಕ್ಕಕ್ಕೆ ಬರುತ್ತಿದ್ದುದನ್ನು ನಾವೆಲ್ಲ ಬಲ್ಲೆವು. ಹೆಸರು ಹಿಡಿದು ಕರೆದಾಗ ಮಾತ್ರ ಯಾರು ಇದ್ದಾರೆ, ಯಾರು ಇಲ್ಲ ಎಂಬುದು ತಿಳಿಯುತ್ತದೆ. ನಮ್ಮ ಮಾಸ್ತರರು ದಿನಾ ಬೆಳಿಗ್ಗೆ ಹಾಜರಿ ಕೂಗುತ್ತಿದ್ದುದು ಅದಕ್ಕೇ ಅಲ್ಲವೆ?

ಹೀಗೆ ಹೆಸರು ಹಿಡಿದು ಕರೆಯುವುದು ಕಾನೂನಿನ ಕರ್ತವ್ಯವೂ ಹೌದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆಯಾ ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿ ವಾಸಿಸುವ ಹದಿನಾಲ್ಕು ವರ್ಷದವರೆಗಿನ ಮಕ್ಕಳ ದಾಖಲೆ ಇಡುವ ಹೊಣೆಯನ್ನು ಆ ಸಂಸ್ಥೆಗೇ ವಹಿಸಿದೆ. 2013ರಲ್ಲಿ ನಮ್ಮ ಉಚ್ಚ ನ್ಯಾಯಾಲಯ ಪತ್ರಿಕೆಯ ವರದಿಯೊಂದನ್ನು ಓದಿ, ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಆ ವಿಚಾರಣೆಯ ಫಲವಾಗಿ ರಾಜ್ಯದಲ್ಲಿ ಎಚ್ಚರಿಕೆಯ ಗಡುವು ಬದಲಾಯಿತು: ಮಗು ಸತತವಾಗಿ ಏಳು ದಿನ ಬಾರದಿದ್ದರೆ ಅದು ಶಾಲೆಯಿಂದ ಹೊರಗಿದೆಯೆಂದು ತಿಳಿದು ವಿಚಾರಿಸಬೇಕು. ಹಿಂದೆ ಅದಕ್ಕೆ 60 ದಿನ ಕಾಯುತ್ತಿದ್ದೆವು. 60 ದಿನ ಕಳೆದ ಮೇಲೆ ಹುಡುಕಲು ಹೊರಟರೆ ಮಗು ಇಟ್ಟಿಗೆ ಗೂಡಿನ ಕೆಲಸಕ್ಕೆ ಹೊಂದಿಕೊಂಡು ಆಗಿರುತ್ತದೆ.

3. ಹೆಸರಿನ ಕಷ್ಟ, ತಾರೀಖಿನ ಕಷ್ಟ

ನನ್ನ ಹುಟ್ಟುಹಬ್ಬ ಶಾಲೆಯ ದಾಖಲೆಯ ಪ್ರಕಾರ ಜೂನ್ 1. ನನ್ನ ಅಕ್ಕನದೂ ಜೂನ್ 1, ಚಿಕ್ಕಪ್ಪನದೂ ಜೂನ್ 1. ಈ ಸಭೆಯಲ್ಲಿ ಐವತ್ತು ದಾಟಿದವರು ಕೈ ಎತ್ತಿದರೆ ಜೂನ್ 1ರವರು ಎಷ್ಟೋ ಮಂದಿ ಸಿಗುತ್ತಾರೆ. ನಾನು ಹುಟ್ಟಿದ್ದು ಜೋಳದ ರಾಶಿಯ ಹೊತ್ತಿಗೆ ಎಂದು ಅವ್ವ ಹೇಳುತ್ತಿದ್ದಳು. ಕೈಯೆತ್ತಿ ತಲೆಯ ಮೇಲಿಂದ ಇನ್ನೊಂದು ಬದಿಯ ಕಿವಿ ಮುಟ್ಟಿಸಿ ನೋಡಿ, ಆರು ವರ್ಷ ತುಂಬಿದೆಯೆಂದು ಗುರುಗಳು ಒಂದು ತಾರೀಖು ಬರೆದುಕೊಂಡರು. ಶಾಲೆ ಶುರುವಾಗುವ ತಾರೀಖಿಗೆ ಹೊಂದುವಂತೆ ಬರೆದ ಆ ಎರಡು ಅಂಕಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಯಿತು, ನೌಕರಿಯ ಸೇವಾ ಪುಸ್ತಕಕ್ಕೆ ಹೋಯಿತು, ಪಾಸ್‌ಪೋರ್ಟಿಗೆ ಹೋಯಿತು. ನಾನು ನಿವೃತ್ತನಾದದ್ದೂ ಅದೇ ತಾರೀಖಿನ ಲೆಕ್ಕದಲ್ಲಿ. ದಾಖಲೆಯಲ್ಲಿ ಮೊದಲ ದಿನ ಬರೆದದ್ದು ಮನುಷ್ಯನ ಜೀವಮಾನವನ್ನೇ ಆಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗಣಕೀಕೃತ ವ್ಯವಸ್ಥೆಯಲ್ಲಿ ಈ ಕಷ್ಟ ಕಡಿಮೆಯಾಗುವ ಬದಲು ರೂಪ ಬದಲಿಸಿದೆ. ಲಕ್ಷ್ಮಿ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯಲು ಯಾರಿಗೂ ಗೊಂದಲವಿಲ್ಲ. ಇಂಗ್ಲಿಷಿಗೆ ಹೋದ ಕೂಡಲೇ ಒಂದು ಕಡೆ 'ಕೆ ಎಸ್ ಎಚ್' ಎಂದಾಗುತ್ತದೆ, ಇನ್ನೊಂದು ಕಡೆ 'ಎಕ್ಸ್' ಎಂದಾಗುತ್ತದೆ. ಶಾಲೆಯಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಒಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ದಕ್ಷಿಣದ ಜಿಲ್ಲೆಗಳಲ್ಲಿ ಹೆಸರಿನ ಜೊತೆ ಒಂದು ಇನಿಷಿಯಲ್ ಇದ್ದರೆ ಮುಗಿಯಿತು. ಉತ್ತರದಲ್ಲಿ ಹೆಸರು, ತಂದೆಯ ಹೆಸರು, ಮನೆತನದ ಅಡ್ಡಹೆಸರು ಮೂರೂ ಬೇಕು. ಮೂರರಲ್ಲಿ ಒಂದು ಮುಂದೆ ಹಿಂದೆ ಆದರೂ ಯಂತ್ರದ ಪಾಲಿಗೆ ಅವಳು ಬೇರೆ ಹುಡುಗಿ. "ಹೆಸರು ಹೊಂದಾಣಿಕೆ ಆಗುತ್ತಿಲ್ಲ" ಎಂಬ ಒಂದು ಸಾಲಿನಿಂದ ಬಡವರ ಮಗುವಿನ ವಿದ್ಯಾರ್ಥಿವೇತನ ತಿಂಗಳುಗಟ್ಟಲೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾಯಿ ಒಂದು ದಿನದ ಕೂಲಿ ಬಿಟ್ಟು ಸೈಬರ್ ಸೆಂಟರಿಗೆ, ಮತ್ತೊಂದು ದಿನದ ಕೂಲಿ ಬಿಟ್ಟು ಬ್ಯಾಂಕಿಗೆ, ಮೂರನೆಯ ದಿನ ಶಾಲೆಗೆ ಅಲೆದಳು. ತಪ್ಪು ಬರೆದವರು ಅಕ್ಷರ ಬಲ್ಲವರು. ತಿದ್ದಿಸಲು ಅಲೆದವಳು ಅಕ್ಷರ ಬಾರದವಳು.

ಆದ್ದರಿಂದ ಇಂಥ ವ್ಯವಸ್ಥೆಯ ಮೊದಲ ಗುಣ ತಿದ್ದಲು ಬರುವುದು. ತಿದ್ದುಪಡಿ ಶಾಲೆಯ ಮಟ್ಟದಲ್ಲೇ ಆಗಬೇಕು. ಯಾರು, ಯಾವಾಗ, ಏಕೆ ತಿದ್ದಿದರು ಎಂಬುದು ದಾಖಲಾಗಬೇಕು. ಹಳೆಯ ವಹಿಯಲ್ಲಿ ಮಾಸ್ತರರು ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಮಾಡುತ್ತಿದ್ದರು. ಹಳೆಯದೂ ಕಾಣುತ್ತಿತ್ತು, ಹೊಸದೂ ಕಾಣುತ್ತಿತ್ತು, ತಿದ್ದಿದವರ ಹೊಣೆಯೂ ಕಾಣುತ್ತಿತ್ತು. ಆ ಶಿಸ್ತೇ ಕಂಪ್ಯೂಟರಿಗೂ ಬೇಕು.

4. ಟಿ.ಸಿ. ಎಂಬ ಕಾಗದ

ಮಗು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವ ಗಳಿಗೆಯಲ್ಲಿಯೇ ದಾರ ತುಂಡಾಗುವುದು ಹೆಚ್ಚು. ಶಿಕ್ಷಣ ಹಕ್ಕು ಕಾಯ್ದೆಯ ಐದನೆಯ ಸೆಕ್ಷನ್ ಇದನ್ನು ಬಲ್ಲದು. ವರ್ಗಾವಣೆ ಪತ್ರ, ಅಂದರೆ ಟಿ.ಸಿ., ತಡವಾಯಿತೆಂದು ಹೊಸ ಶಾಲೆ ಮಗುವಿನ ಪ್ರವೇಶವನ್ನು ತಡಮಾಡುವಂತಿಲ್ಲ, ನಿರಾಕರಿಸುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ವಯಸ್ಸಿನ ಪುರಾವೆ ಇಲ್ಲವೆಂದೂ ಯಾವ ಮಗುವನ್ನೂ ವಾಪಸ್ಸು ಕಳಿಸುವಂತಿಲ್ಲ.

ಬೆಂಗಳೂರಿನ ಹೊರವಲಯದಲ್ಲಿ ಕಟ್ಟಡವೊಂದರ ಬದಿಯ ತಗಡಿನ ಶೆಡ್ಡುಗಳ ಸಾಲಿನಲ್ಲಿ ಒಬ್ಬ ಹುಡುಗಿಯನ್ನು ನೋಡಿದ್ದೆ. ಯಾದಗಿರಿ ಜಿಲ್ಲೆಯವಳು, ಐದನೆಯ ತರಗತಿ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ನೀರಿನ ಕೊಡ ಹಿಡಿದಿದ್ದಳು. ಶಾಲೆಗೆ ಏಕೆ ಹೋಗುವುದಿಲ್ಲ ಎಂದು ಕೇಳಿದಾಗ ಅವಳ ತಂದೆ ಜೇಬಿನಿಂದ ನಾಲ್ಕಾಗಿ ಮಡಚಿದ ಒಂದು ಚೀಟಿ ತೆಗೆದ. ಅದರಲ್ಲಿ ಅವಳ ಸಂಖ್ಯೆ ಬರೆದಿತ್ತು. "ಸಾಲಿಗೆ ಹೋಗಿದ್ವಿರಿ ಸರ್. ಈ ನಂಬರ್ ಊರಾಗ ಐತಿ, ಅಲ್ಲಿಂದ ಬಿಡಬೇಕು ಅಂದ್ರು" ಎಂದ. ಊರಿನ ಶಾಲೆ ಕಂಪ್ಯೂಟರಿನಲ್ಲಿ ಅವಳನ್ನು ಬಿಟ್ಟುಕೊಡುವವರೆಗೆ ಇಲ್ಲಿನ ಶಾಲೆಯಲ್ಲಿ ಹೆಸರು ಏರುವುದಿಲ್ಲ ಎಂಬುದು ಅವನಿಗೆ ಸಿಕ್ಕ ಉತ್ತರ. ಅವಳನ್ನು ಕೂರಿಸಿಕೊಂಡು ಪಾಠ ಹೇಳಲು ಕಾನೂನು ಅಡ್ಡ ಬಂದಿರಲಿಲ್ಲ. ಅಡ್ಡ ಬಂದದ್ದು ಒಂದು ಗುಂಡಿ ಒತ್ತುವ ಕೆಲಸ. ಹುಡುಗಿ ಬೆಂಗಳೂರಿನಲ್ಲಿ ನೀರು ಹೊರುತ್ತಿದ್ದಳು, ಅವಳ ಸಂಖ್ಯೆ ಯಾದಗಿರಿಯಲ್ಲಿ ಐದನೆಯ ತರಗತಿ ಓದುತ್ತಿತ್ತು.

ಗುಳೆ ಹೋಗುವ ಕುಟುಂಬ ಟಿ.ಸಿ. ತೆಗೆದುಕೊಂಡು ಹೊರಡುವುದಿಲ್ಲ. ರಾತ್ರಿ ಟೆಂಪೋ ಬಂದರೆ ಹತ್ತಿಕೊಂಡು ಹೋಗುವವರು ಅವರು. ಹೋದವರು ಮುಂಗಾರಿಗೆ ಮರಳುತ್ತಾರೆ. ಅಂಥ ಮಗುವನ್ನು ಊರಿನ ಶಾಲೆಯಿಂದ ಹೊಡೆದುಹಾಕುವುದೂ ತಪ್ಪು, ಬೆಂಗಳೂರಿನಲ್ಲಿ ಸೇರಿಸಿಕೊಳ್ಳದಿರುವುದೂ ತಪ್ಪು. ಎರಡು ಕಡೆಯೂ ಅವಳ ಹೆಸರು ಇರುವಂಥ, ಆರು ತಿಂಗಳು ಇಲ್ಲಿ ಆರು ತಿಂಗಳು ಅಲ್ಲಿ ಎಂಬ ದಾರಿ ವ್ಯವಸ್ಥೆಯೊಳಗೇ ಇರಬೇಕು. ರಾಜ್ಯದ ಗಡಿ ದಾಟಿದಾಗ ಕಷ್ಟ ಇನ್ನೂ ಹೆಚ್ಚು. ಗೋವಾಕ್ಕೆ, ಪುಣೆಗೆ ಹೋದ ನಮ್ಮ ಮಕ್ಕಳು ನಮ್ಮ ಲೆಕ್ಕದಿಂದ ಕಾಣೆಯಾಗುತ್ತಾರೆ. ಕಬ್ಬು ಕಡಿಯಲು ಮರಾಠವಾಡದಿಂದ ಬೆಳಗಾವಿ ಸೀಮೆಗೆ ಬರುವ ಮಕ್ಕಳು ನಮ್ಮ ಲೆಕ್ಕಕ್ಕೆ ಬರುವುದೇ ಇಲ್ಲ. ಸಕ್ಕರೆ ಕಾರ್ಖಾನೆಯ ಹೊಗೆ ಕಾಣುವಷ್ಟು ಹತ್ತಿರದಲ್ಲಿ ಶಾಲೆ ಇರುತ್ತದೆ. ಅಲ್ಲಿನ ವಹಿಯಲ್ಲಿ ಅವರ ಹೆಸರು ಇರುವುದಿಲ್ಲ. ಯುಡೈಸ್ ಪ್ಲಸ್ ಈಗ ಪ್ರತಿ ಮಗುವಿಗೆ ಕೊಡುವ ರಾಷ್ಟ್ರಮಟ್ಟದ ಶಾಶ್ವತ ಶಿಕ್ಷಣ ಸಂಖ್ಯೆಯಿಂದ ಏನಾದರೂ ದೊಡ್ಡ ಉಪಕಾರ ಆಗುವುದಿದ್ದರೆ ಅದು ಈ ಮಕ್ಕಳಿಗೆ ಆಗಬೇಕು.

5. ಬೆನ್ನು ಹತ್ತುವ ದಾಖಲೆ

ಈಗ ಭಯದ ಮಾತು. ಹನ್ನೆರಡು ವರ್ಷಗಳ ಹಾಜರಿ, ಅಂಕ, ಜಾತಿ, ಧರ್ಮ, ತಂದೆತಾಯಿಯ ವರಮಾನ, ಅಂಗವೈಕಲ್ಯ ಎಲ್ಲವೂ ಒಂದೇ ಕಡೆ ಸೇರಿದಾಗ ಅದನ್ನು ನೋಡುವವರು ಯಾರು?

ಅಮೆರಿಕದ ಅನುಭವ ಇಲ್ಲಿ ಪಾಠ ಹೇಳುತ್ತದೆ. ಅಲ್ಲಿ ರಾಜ್ಯಮಟ್ಟದ ವಿದ್ಯಾರ್ಥಿ ದತ್ತಾಂಶ ವ್ಯವಸ್ಥೆ ಕಟ್ಟಲು 2005ರಿಂದ ಕೇಂದ್ರ ಸರ್ಕಾರ ರಾಜ್ಯಗಳಿಗೆ ಅನುದಾನ ಕೊಡುತ್ತ ಬಂದಿದೆ. 2013ರಲ್ಲಿ 'ಇನ್‌ಬ್ಲೂಮ್' ಎಂಬ ಸಂಸ್ಥೆ ಹಲವು ರಾಜ್ಯಗಳ ಮಕ್ಕಳ ದಾಖಲೆಯನ್ನು ಒಂದೇ ಕಡೆ ಇಟ್ಟು ಶಾಲೆಗಳಿಗೆ ಒದಗಿಸಲು ಹೊರಟಿತು. ಗೇಟ್ಸ್ ಪ್ರತಿಷ್ಠಾನ ಮತ್ತು ಕಾರ್ನೆಗಿ ಸಂಸ್ಥೆಗಳ ಹತ್ತು ಕೋಟಿ ಡಾಲರ್ ಹಣ ಅದರ ಹಿಂದಿತ್ತು. ತಂತ್ರಜ್ಞಾನಕ್ಕೆ ಕೊರತೆಯಿರಲಿಲ್ಲ. ಆದರೆ ತಮ್ಮ ಮಕ್ಕಳ ವಿವರ ಎಲ್ಲಿಗೆ ಹೋಗುತ್ತದೆ, ಯಾವ ಕಂಪನಿಯ ಕೈ ಸೇರುತ್ತದೆ ಎಂದು ತಾಯ್ತಂದೆಯರು ಕೇಳಿದ ಪ್ರಶ್ನೆಗೆ ಸಮಾಧಾನವಾಗುವ ಉತ್ತರ ಸಿಗಲಿಲ್ಲ. ಒಂದೊಂದೇ ರಾಜ್ಯ ಹಿಂದೆ ಸರಿಯಿತು. 2014ರ ಏಪ್ರಿಲಿನಲ್ಲಿ ಸಂಸ್ಥೆ ಬಾಗಿಲು ಮುಚ್ಚುವುದಾಗಿ ಘೋಷಿಸಿತು. ಮೊದಲು ಕಟ್ಟಿ ಆಮೇಲೆ ಕೇಳೋಣ ಎಂದವರಿಗೆ ಜನ ಕೊಟ್ಟ ಉತ್ತರ ಅದು.

ಇನ್ನೊಂದು ಉದಾಹರಣೆ ವಿಸ್ಕಾನ್ಸಿನ್ ರಾಜ್ಯದ್ದು. ಅಲ್ಲಿ ಯಾವ ಮಗು ಓದು ಮುಗಿಸದೆ ಹೋಗಬಹುದು ಎಂದು ದತ್ತಾಂಶದಿಂದ ಊಹಿಸಿ ಶಾಲೆಗೆ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆ ಇದೆ. ಉದ್ದೇಶ ಒಳ್ಳೆಯದೇ. ಆದರೆ ಓದು ಮುಗಿಸಲಾರರು ಎಂದು ಅದು ಗುರುತು ಮಾಡಿದ ಮಕ್ಕಳಲ್ಲಿ ನಾಲ್ವರಿಗೆ ಸುಮಾರು ಮೂವರಂತೆ ಓದು ಮುಗಿಸಿದರು ಎಂದು 2023ರ ಪತ್ರಿಕಾ ತನಿಖೆ ತೋರಿಸಿತು. ಕಪ್ಪು ಮತ್ತು ಲ್ಯಾಟಿನೊ ಮಕ್ಕಳ ವಿಷಯದಲ್ಲಿ ತಪ್ಪು ಎಚ್ಚರಿಕೆ ಇನ್ನೂ ಹೆಚ್ಚು. ನಮ್ಮಲ್ಲಿ ಅಂಥದ್ದು ಬಂದರೆ ಯಾವ ಓಣಿಯ ಮಕ್ಕಳ ಹೆಸರಿನ ಎದುರು ಕೆಂಪು ಗುರುತು ಬೀಳುತ್ತದೆ ಎಂದು ಊಹಿಸಲು ಗಣಿತ ಬೇಕಾಗಿಲ್ಲ. "ಈ ಮಗು ಉಳಿಯುವುದಿಲ್ಲ" ಎಂದು ಪರದೆಯ ಮೇಲೆ ದಿನಾ ಓದಿದ ಶಿಕ್ಷಕರ ಕಣ್ಣು ಆ ಮಗುವಿನ ಕಡೆ ಬೇರೆಯಾಗಿಯೇ ನೋಡತೊಡಗುತ್ತದೆ.

ನಮ್ಮ ದೇಶದಲ್ಲಿ ಖಾಸಗಿತನದ ರಕ್ಷಣೆಗೆ ಅಡಿಗಲ್ಲು ಹಾಕಿದವರು ಕನ್ನಡ ನಾಡಿನ ಹಿರಿಯರೊಬ್ಬರು ಎಂಬುದನ್ನು ಹೆಮ್ಮೆಯಿಂದ ನೆನೆಯಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಮರುವರ್ಷ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲಿ ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ, ಅದು ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಸಲ್ಲಬೇಕಾದ ಸೌಲಭ್ಯ ತಪ್ಪಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟರೊಳಗಿನವರ ವಿವರ ಬಳಸಲು ಪೋಷಕರ ಖಾತರಿಯಾದ ಒಪ್ಪಿಗೆ ಬೇಕೆಂಬ ತತ್ವವನ್ನು ತಂದಿದೆ. 'ಅಪಾರ್' ಎಂಬ ಹನ್ನೆರಡು ಅಂಕಿಯ ಹೊಸ ವಿದ್ಯಾರ್ಥಿ ಗುರುತಿಗೂ ಪೋಷಕರ ಒಪ್ಪಿಗೆ ಪತ್ರ ಪಡೆಯುತ್ತಾರೆ.

ಆದರೆ ಒಪ್ಪಿಗೆ ಎಂದರೇನು? ಪೋಷಕರ ಸಭೆಯಲ್ಲಿ ನಮೂನೆ ಹಂಚಿ, ನಾಳೆಯೊಳಗೆ ಸಹಿ ಹಾಕಿಸಿಕೊಂಡು ಬಾ ಎಂದು ಮಗುವಿಗೆ ಹೇಳಿದರೆ ಸಿಗುವುದು ಸಹಿ. ಏನನ್ನು ಬರೆದುಕೊಳ್ಳುತ್ತೇವೆ, ಯಾರಿಗೆ ತೋರಿಸುತ್ತೇವೆ, ಬೇಡವೆಂದರೆ ನಿಮ್ಮ ಮಗುವಿಗೆ ಏನೂ ನಷ್ಟವಿಲ್ಲ ಎಂದು ಅವರ ಭಾಷೆಯಲ್ಲಿ ಕೂರಿಸಿ ಹೇಳಿದ ಮೇಲೆ ಹಾಕಿದ ಹೆಬ್ಬೆಟ್ಟಿಗೆ ನಾನು ಒಪ್ಪಿಗೆ ಎನ್ನುತ್ತೇನೆ.

6. ಬರೆಯುವವರ ಕೈ

ಈ ವ್ಯವಸ್ಥೆಯ ಭಾರ ನಿಂತಿರುವುದು ಶಿಕ್ಷಕರ ಬೆರಳ ತುದಿಯ ಮೇಲೆ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಮಾಹಿತಿ ತುಂಬಲು ಕೂತರೆ ಐದು ತರಗತಿಗಳು ಇನ್ನೊಬ್ಬರ ತಲೆಗೆ. ಹಗಲು ಸರ್ವರ್ ಸಿಗುವುದಿಲ್ಲವೆಂದು ರಾತ್ರಿ ಊಟವಾದ ಮೇಲೆ ತಮ್ಮದೇ ಮೊಬೈಲಿನಲ್ಲಿ, ತಮ್ಮದೇ ಡೇಟಾ ಹಾಕಿಸಿಕೊಂಡು ತುಂಬುವ ಶಿಕ್ಷಕಿಯರು ಈ ಸಭೆಯಲ್ಲೇ ಇದ್ದೀರಿ. ರಾಜ್ಯದ ತಂತ್ರಾಂಶಕ್ಕೆ ಒಮ್ಮೆ, ಕೇಂದ್ರದ ತಂತ್ರಾಂಶಕ್ಕೆ ಅದೇ ಮಾಹಿತಿ ಇನ್ನೊಮ್ಮೆ, "ಅರ್ಜೆಂಟ್, ಮಧ್ಯಾಹ್ನದೊಳಗೆ" ಎಂದು ವಾಟ್ಸಪ್ ಗುಂಪಿನಲ್ಲಿ ಮತ್ತೊಮ್ಮೆ. ಒಮ್ಮೆ ಬರೆದದ್ದನ್ನು ಎರಡನೆಯ ಸಲ ಕೇಳುವ ವ್ಯವಸ್ಥೆಗೆ ವ್ಯವಸ್ಥೆ ಎಂಬ ಹೆಸರು ಸಲ್ಲದು.

ಮುಖ್ಯವಾದ ಮಾತು ಇನ್ನೊಂದಿದೆ. ದಾಖಲೆ ಶಿಕ್ಷೆಯ ಕೋಲಾದರೆ ಸುಳ್ಳು ಹೇಳತೊಡಗುತ್ತದೆ. ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆ ಹೆಚ್ಚುವರಿಯಾಗುತ್ತದೆ, ಶಾಲೆಗೇ ಕುತ್ತು ಬರುತ್ತದೆ ಎಂದಾದಾಗ ಬಿಟ್ಟುಹೋದ ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದುಬಿಡುತ್ತದೆ. ಅಂಕ ಕಡಿಮೆಯಾದರೆ ನೋಟಿಸು ಎಂದಾದಾಗ ಎಲ್ಲರಿಗೂ 'ಎ' ಬರುತ್ತದೆ. ಬರೆದವರನ್ನು ದೂರುವ ಮೊದಲು ನಿಜ ಬರೆದರೆ ಅವರಿಗೆ ಏನಾಗುತ್ತದೆ ಎಂದು ಕೇಳಿಕೊಳ್ಳೋಣ. ಮಾಸ್ತರರು "ಭಾಗಾಕಾರ ಮತ್ತೆ ಹೇಳಬೇಕು" ಎಂದು ಧೈರ್ಯವಾಗಿ ಬರೆದರಲ್ಲ, ಆ ಸಾಲು ಓದಿ ಯಾರೂ ಅವರಿಗೆ ಕಾರಣ ಕೇಳಿ ನೋಟಿಸು ಕೊಡಲಿಲ್ಲ.

ಶಿಕ್ಷಕರು ಇಷ್ಟೆಲ್ಲ ಮೇಲಕ್ಕೆ ಕಳಿಸುತ್ತಾರೆ. ಕೆಳಕ್ಕೆ ಏನು ಬರುತ್ತದೆ? ಜೂನ್ ತಿಂಗಳಲ್ಲಿ ನಾಲ್ಕನೆಯ ತರಗತಿ ವಹಿಸಿಕೊಂಡ ಶಿಕ್ಷಕಿಯ ಕೈಗೆ ಒಂದೇ ಹಾಳೆ ಬಂದರೆ ಸಾಕು: ಈ ಹದಿನೆಂಟು ಮಕ್ಕಳಲ್ಲಿ ಯಾರು ಒತ್ತಕ್ಷರದಲ್ಲಿ ತಡವರಿಸುತ್ತಾರೆ, ಯಾರು ಕಳೆದ ವರ್ಷ ಎರಡು ತಿಂಗಳು ಬಂದಿಲ್ಲ, ಯಾರಿಗೆ ಕಣ್ಣಿನ ತಪಾಸಣೆ ಆಗಬೇಕಿದೆ. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದಾಗ ನಮ್ಮ ಶಿಕ್ಷಕರು 'ವಿದ್ಯಾಗಮ'ದಲ್ಲಿ ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳು ಹುಡುಕಿಕೊಂಡು ಹೋಗಿ ಮಕ್ಕಳನ್ನು ಕೂರಿಸಿದರು. 2022–23ರಲ್ಲಿ 'ಕಲಿಕಾ ಚೇತರಿಕೆ' ನಡೆದಾಗ ಪ್ರತಿ ಮಗು ಎಲ್ಲಿ ನಿಂತಿದೆ ಎಂಬಲ್ಲಿಂದಲೇ ಪಾಠ ಶುರುವಾಗಬೇಕು ಎಂದು ಇಡೀ ರಾಜ್ಯ ಒಪ್ಪಿಕೊಂಡಿತು. ಎಲ್ಲಿ ನಿಂತಿದೆ ಎಂಬ ಆ ಮಾಹಿತಿ ವರ್ಷದಿಂದ ವರ್ಷಕ್ಕೆ, ಶಿಕ್ಷಕರಿಂದ ಶಿಕ್ಷಕರಿಗೆ ಹರಿದು ಬರಬೇಕು. ವಿಧಾನಸೌಧದ ಗೋಡೆಯ ಪರದೆಯ ಮೇಲೆ ಬಣ್ಣಬಣ್ಣದ ನಕ್ಷೆ ಮೂಡುವುದಕ್ಕಿಂತ ಆ ಒಂದು ಹಾಳೆ ನನಗೆ ದೊಡ್ಡದು.

7. ನಾಲ್ಕು ಬೇಡಿಕೆಗಳು

ಈ ವೇದಿಕೆಯಿಂದ ನಾಲ್ಕು ಮಾತನ್ನು ಬೇಡಿಕೆಯಾಗಿ ಮುಂದಿಡುತ್ತೇನೆ.

ಮೊದಲನೆಯದು, ಪ್ರತಿ ಅಂಕಣವೂ ತನ್ನ ಕೂಳು ದುಡಿಯಬೇಕು. ಈ ವಿವರದಿಂದ ಮಗುವಿಗೆ ಏನು ಉಪಯೋಗ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಅಂಕಣವನ್ನು ತೆಗೆದುಹಾಕಬೇಕು.

ಎರಡನೆಯದು, ದಾಖಲೆ ಮಗುವಿನ ಮನೆಯವರಿಗೆ ಕನ್ನಡದಲ್ಲಿ ಕಾಣಬೇಕು, ತಪ್ಪಿದ್ದರೆ ತಿದ್ದಿಸುವ ಹಕ್ಕು ಅವರಿಗಿರಬೇಕು. ಅಮೆರಿಕದ ಪೋಷಕರಿಗೆ ಈ ಹಕ್ಕು 1974ರ ಕಾನೂನಿನಿಂದಲೇ ಇದೆ. ವರ್ಷಕ್ಕೊಮ್ಮೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯ ದಿನ ಪ್ರತಿ ಮಗುವಿನ ದಾಖಲೆಯನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ ಹೇಳಲಿ. ಓದಲು ಬಾರದ ತಾಯಿಗೂ ತನ್ನ ಮಗಳ ಬಗ್ಗೆ ಸರ್ಕಾರ ಏನು ಬರೆದಿಟ್ಟಿದೆ ಎಂದು ತಿಳಿಯಲಿ.

ಮೂರನೆಯದು, ಪಾಠ ಮೊದಲು, ದಾಖಲೆ ಆಮೇಲೆ. ಸಂಖ್ಯೆ ಇಲ್ಲ, ಹೊಂದಾಣಿಕೆ ಇಲ್ಲ, ಹಳೆಯ ಶಾಲೆ ಬಿಟ್ಟುಕೊಟ್ಟಿಲ್ಲ ಎಂಬ ಯಾವ ಕಾರಣಕ್ಕೂ ಬಾಗಿಲಿಗೆ ಬಂದ ಮಗು ಹೊರಗೆ ನಿಲ್ಲಬಾರದು. ನಿಗದಿತ ದಿನಗಳೊಳಗೆ ಹಳೆಯ ಶಾಲೆ ಉತ್ತರಿಸದಿದ್ದರೆ ದಾಖಲೆ ತಾನಾಗಿಯೇ ಮಗುವಿನ ಹಿಂದೆ ಬರಬೇಕು.

ನಾಲ್ಕನೆಯದು, ಕೆಲವನ್ನು ಮರೆಯುವ ವ್ಯವಧಾನ ಬೇಕು. ಎರಡನೆಯ ತರಗತಿಯಲ್ಲಿ ತಡವಾಗಿ ಓದಲು ಕಲಿತ ಹುಡುಗನ ಆ ವರ್ಷದ ಅಂಕ ಅವನು ಇಪ್ಪತ್ತೈದರ ಯುವಕನಾಗಿ ಕೆಲಸ ಕೇಳಲು ಹೋದಾಗ ಎದುರಿಗೆ ಬರಬಾರದು. ಪಾಠ ಹೇಳಲು ಬೇಕಾದ ವಿವರ ಪಾಠ ಮುಗಿದ ಮೇಲೆ ಅಳಿಯಬೇಕು. ಪ್ರಮಾಣಪತ್ರಕ್ಕೆ ಬೇಕಾದದ್ದು ಮಾತ್ರ ಉಳಿಯಬೇಕು.

ಬಂಧುಗಳೆ, ಕೊನೆಯದಾಗಿ ಮತ್ತೆ ಆ ಹಳೆಯ ವಹಿಗೆ ಬರುತ್ತೇನೆ. ಶಾಲೆಯಿಂದ ಹೊರಡುವಾಗ ಈಗಿನ ಮುಖ್ಯ ಶಿಕ್ಷಕಿ ತಮ್ಮ ಮೊಬೈಲಿನಲ್ಲಿ ಹೊಸ ತಂತ್ರಾಂಶ ತೆರೆದು ತೋರಿಸಿದರು. ಹೆಸರು, ಸಂಖ್ಯೆ, ತರಗತಿ, ಹಾಜರಿ ಎಲ್ಲ ಅಚ್ಚುಕಟ್ಟಾಗಿತ್ತು. ಗುಳೆ ಹೋದ ಮಕ್ಕಳ ವಿಷಯ ಎಲ್ಲಿ ಬರೆಯುತ್ತೀರಿ ಎಂದು ಕೇಳಿದೆ. ಅವರು ಬೀರುವಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ಕು ತೆಗೆದರು. ಅದರಲ್ಲಿ ಹೆಸರುಗಳ ಎದುರು ಅವರದೇ ಕೈಬರಹ: ಯಾವ ಮಗು ಯಾವ ಊರಿಗೆ ಹೋಗಿದೆ, ತಂದೆಯ ಮೊಬೈಲ್ ನಂಬರು ಯಾವುದು, ಪುಸ್ತಕ ಕೊಟ್ಟದ್ದು ಯಾವಾಗ. "ಹಳೇ ಹೆಡ್‌ಮಾಸ್ತರು ಬರೆದದ್ದು ನೋಡಿ ನಾನೂ ಶುರು ಮಾಡಿದೆರಿ. ಅದರಾಗ ಜಾಗ ಇಲ್ಲ, ಅದಕ್ಕ ಇದರಾಗ ಬರಿತೀನಿ" ಎಂದರು.

ಮಾಸ್ತರರ ಷರಾ ಅಂಕಣ ಆ ಊರಲ್ಲಿ ಇನ್ನೂ ಬರೆಯಿಸಿಕೊಳ್ಳುತ್ತಿದೆ. ಅದು ಇರುವುದು ರಾಜ್ಯದ ವ್ಯವಸ್ಥೆಯ ಹೊರಗೆ, ಒಬ್ಬ ಶಿಕ್ಷಕಿಯ ಸ್ವಂತ ನೋಟ್‌ಬುಕ್ಕಿನಲ್ಲಿ. ಅವರಿಗೆ ವರ್ಗವಾದರೆ ಅದೂ ಅವರ ಚೀಲದಲ್ಲಿ ಹೊರಟುಹೋಗುತ್ತದೆ. ಕೋಟಿ ಮಕ್ಕಳ ದಾಖಲೆ ಇಡಲು ಶಕ್ತಿಯಿರುವ ರಾಜ್ಯಕ್ಕೆ ಆ ನೋಟ್‌ಬುಕ್ಕಿನಷ್ಟು ಜಾಗ ಮಾಡಿಕೊಡಲು ಸಾಧ್ಯವಿಲ್ಲವೆ? ಸಾಧ್ಯವಿದೆ ಎಂದು ನಾನು ನಂಬಿದ್ದೇನೆ. ಯುಗಾದಿಗೆ ಮರಳಿ ಬರುವ ಪ್ರತಿ ಮಗುವಿನ ಎದುರು "ಬಂದಳು" ಎಂದು ಬರೆಯುವ ಜಾಗ, ಅದರ ಕೆಳಗೆ ಏನನ್ನು ಮತ್ತೆ ಹೇಳಿಕೊಡಬೇಕು ಎಂದು ಬರೆಯುವ ಜಾಗ. ಅಷ್ಟನ್ನು ಕಟ್ಟಿದರೆ ಈ ದತ್ತಿಯ ಹಿರಿಯರಿಗೆ ನಾವು ಸಲ್ಲಿಸಬೇಕಾದದ್ದನ್ನು ಸಲ್ಲಿಸಿದಂತೆ.